ಸುತ್ತೋಲೆ ಬಂದಿದೆ, ಓದಿದವರಾರು?

ಇಂಗ್ಲೆಂಡಿನ ಯಾವುದಾದರೊಂದು ಸಣ್ಣ ಪಟ್ಟಣ. ಸೋಮವಾರ ಬೆಳಗಿನ ಎಂಟು ಗಂಟೆ. ಕುಟುಂಬವೈದ್ಯರ ಚಿಕಿತ್ಸಾಲಯದ ಬಾಗಿಲು ತೆರೆಯುವುದಕ್ಕೂ ಟೆಲಿಫೋನಿನ ಗಂಟೆ ಮೊಳಗುವುದಕ್ಕೂ ಸರಿಹೋಗುತ್ತದೆ. ಮುದುಕರೊಬ್ಬರ ಮಾತ್ರೆ ತೀರಿದೆ, ಅಂಗಡಿಯಲ್ಲಿ ಸಿಗುತ್ತಿಲ್ಲವಂತೆ. ಇನ್ನೊಬ್ಬರಿಗೆ ಎದೆಯಲ್ಲಿ ಏನೋ ಸಂಕಟ. ಮೂರನೆಯ ಕರೆ ಒಬ್ಬ ತಾಯಿಯದು: ಮಗುವಿಗೆ ಮೂರು ದಿನದಿಂದ ಜ್ವರ, ಕಣ್ಣು ಕೆಂಪಾಗಿದೆ, ಈ ಬೆಳಗ್ಗೆ ಮುಖದ ಮೇಲೆ ಗಂಧೆಗಳೆದ್ದಿವೆ, ಈಗಲೇ ಕರೆತರಬಹುದೇ?

ಮೇಜಿನ ಹಿಂದೆ ಕುಳಿತ ಸ್ವಾಗತಕಾರಿಣಿ ಉತ್ತರ ಹೇಳಬೇಕು. ಅವಳು ವೈದ್ಯಳಲ್ಲ, ದಾದಿಯೂ ಅಲ್ಲ. ಅವಳ ಎದುರಿನ ಗಣಕಯಂತ್ರದಲ್ಲಿ ಅದೇ ಪ್ರಾಂತದ ಆರೋಗ್ಯ ಮಂಡಲಿಯಿಂದ ಬಂದ ವಾರದ ಸುತ್ತೋಲೆಯೊಂದಿದೆ. ಇಂಥ ಔಷಧದ ಸರಬರಾಜು ನಿಂತಿದೆ, ಅದಕ್ಕೆ ಬದಲು ಇದನ್ನು ಬರೆದುಕೊಡಿ. ಇಂಥ ಲಸಿಕೆಯ ವಯೋಮಿತಿ ಬದಲಾಗಿದೆ. ರೋಗಿಗಳನ್ನು ಆಸ್ಪತ್ರೆಗೆ ಕಳಿಸುವ ಹಳೆಯ ನಮೂನೆ ಇನ್ನು ಮುಂದೆ ನಡೆಯದು. ಸುತ್ತಮುತ್ತ ದಡಾರ ಕಾಣಿಸಿಕೊಂಡಿದೆ, ಗಂಧೆಯಿರುವ ಮಕ್ಕಳನ್ನು ಇತರರ ನಡುವೆ ಕೂಡಿಸಬೇಡಿ. ಹೀಗೆ ಹತ್ತಾರು ಅಂಶಗಳು.

ಆ ಕೊನೆಯ ಸಾಲನ್ನು ಅವಳು ಓದಿದ್ದರೆ, “ತಾಯಿ, ನೇರವಾಗಿ ಒಳಗೆ ಬರಬೇಡಿ, ಹೊರಗಿನಿಂದಲೇ ಫೋನು ಮಾಡಿ. ನಿಮ್ಮನ್ನು ಬೇರೆಯ ಕೋಣೆಗೆ ಕರೆದುಕೊಳ್ಳುತ್ತೇವೆ” ಎನ್ನುವಳು. ಓದದಿದ್ದರೆ, “ಹತ್ತು ಗಂಟೆಗೆ ಬನ್ನಿ” ಎಂದುಬಿಡುವಳು. ಆಗ ಆ ಮಗು ಒಬ್ಬ ಗರ್ಭಿಣಿಯ ಪಕ್ಕದಲ್ಲಿಯೋ, ಇನ್ನೂ ಲಸಿಕೆಯ ವಯಸ್ಸಾಗದ ಹಸುಗೂಸಿನ ಎದುರಿನಲ್ಲಿಯೋ ಅರ್ಧ ಗಂಟೆ ಕುಳಿತಿರುತ್ತದೆ. ದಡಾರದ ವಿಷಾಣು ಗಾಳಿಯಲ್ಲಿ ಎರಡು ಗಂಟೆಗಳವರೆಗೆ ಉಳಿಯಬಲ್ಲುದು. ರಕ್ಷಣೆಯಿಲ್ಲದವರು ಹತ್ತು ಮಂದಿ ಅದರ ನೆರೆಯಲ್ಲಿದ್ದರೆ ಒಂಬತ್ತು ಮಂದಿಗೆ ತಗಲಬಲ್ಲುದು.

ಒಂದು ದೇಶದ ಆರೋಗ್ಯವ್ಯವಸ್ಥೆಯೆಂದರೆ ದೊಡ್ಡ ಆಸ್ಪತ್ರೆ, ಹೆಸರಾಂತ ಶಸ್ತ್ರವೈದ್ಯರು, ಬೆಲೆಬಾಳುವ ಯಂತ್ರಗಳು ಎಂದು ಭಾವಿಸುವುದು ವಾಡಿಕೆ. ಆದರೆ ಎಷ್ಟೋ ಜೀವಗಳ ಅಳಿವು ಉಳಿವು ಇಂಥ ಒಂದು ಕಾಗದ ಸಕಾಲದಲ್ಲಿ ಸರಿಯಾದವರ ಕೈ ಸೇರುವುದನ್ನು ಅವಲಂಬಿಸಿರುತ್ತದೆ. ಬ್ರಿಟನ್ನಿನ ಕುಟುಂಬವೈದ್ಯ ಪದ್ಧತಿಯ ಚರಿತ್ರೆ ಇದಕ್ಕೆ ಒಳ್ಳೆಯ ಸಾಕ್ಷಿ.

ಅರ್ಧ ಕ್ರೌನಿನ ಕಾಗದ

ಆ ನಾಡಿನಲ್ಲಿ ಕುಟುಂಬವೈದ್ಯರ ಚಿಕಿತ್ಸಾಲಯಕ್ಕೆ ‘ಸರ್ಜರಿ’ ಎಂದು ಹೆಸರು. ಹೊಸಬರು ಕೇಳಿದರೆ ಒಳಗೆ ಕತ್ತಿ ಕತ್ತರಿಗಳ ಕೆಲಸ ನಡೆಯುತ್ತಿರಬೇಕೆಂದು ಬೆದರಿಯಾರು! ನಿಜದಲ್ಲಿ ಅಲ್ಲಿ ನಡೆಯುವುದು ನಾಡಿ ನೋಡುವ, ಔಷಧ ಬರೆಯುವ, ಧೈರ್ಯ ಹೇಳುವ ಕೆಲಸವೇ.

ಸರಕಾರಕ್ಕೂ ಈ ವೈದ್ಯರಿಗೂ ಕಾಗದದ ಸಂಬಂಧ ಬೆಳೆದುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಆಗ ಕಾಗದ ಹೋಗುತ್ತಿದ್ದುದು ಕೆಳಗಿನಿಂದ ಮೇಲಕ್ಕೆ. 1889ರ ಕಾಯಿದೆಯೊಂದರ ಪ್ರಕಾರ ಸಿಡುಬು, ಕಾಲರಾ, ಗಂಟಲಮಾರಿಗಳಂಥ ಸಾಂಕ್ರಾಮಿಕ ರೋಗ ಕಂಡ ವೈದ್ಯನು ಸ್ಥಳೀಯ ಆರೋಗ್ಯಾಧಿಕಾರಿಗೆ ಅದನ್ನು ಬರೆದು ತಿಳಿಸಬೇಕಾಯಿತು. ಖಾಸಗಿ ರೋಗಿಯ ವಿಷಯದಲ್ಲಿ ಬರೆದ ಪ್ರತಿಯೊಂದು ಕಾಗದಕ್ಕೂ ಎರಡೂವರೆ ಷಿಲಿಂಗು, ಎಂದರೆ ಅರ್ಧ ಕ್ರೌನು, ಸಂಭಾವನೆ. ಮೊದಲು ಇದು ಊರೂರಿನ ಇಚ್ಛೆಗೆ ಬಿಟ್ಟ ಮಾತಾಗಿದ್ದಿತು. 1899ರಲ್ಲಿ ಎಲ್ಲೆಡೆಯೂ ಕಡ್ಡಾಯವಾಯಿತು.

1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಪ್ರಾರಂಭವಾಯಿತು. ಪ್ರತಿಯೊಬ್ಬ ಪ್ರಜೆಯೂ ಒಬ್ಬ ಕುಟುಂಬವೈದ್ಯನ ಪಟ್ಟಿಯಲ್ಲಿ ಹೆಸರು ಬರೆಸಿಕೊಳ್ಳಬಹುದಾಯಿತು, ನೋಡಿದ್ದಕ್ಕೆ ಶುಲ್ಕವಿಲ್ಲ. ಆದರೆ ಬಹು ವೈದ್ಯರಿಗೆ ಗುಮಾಸ್ತೆಯೆಂದರೆ ಮಡದಿಯೇ. ಅಡಿಗೆಮನೆಯಿಂದ ಓಡಿ ಬಂದು ಫೋನು ಎತ್ತುವವಳು ಅವಳು. ಟಪಾಲು ಒಡೆಯುವವಳು ಅವಳು. ಮಧ್ಯರಾತ್ರಿ ಬಾಗಿಲು ತಟ್ಟಿದವರ ಮುಖ ನೋಡಿ ಇದು ತಡೆಯುವ ನೋವೋ ತಡೆಯದ ನೋವೋ ಎಂದು ನಿರ್ಣಯಿಸುವವಳೂ ಅವಳೇ. ಸಂಬಳವಂತೂ ಇಲ್ಲ.

1966ರಲ್ಲಿ ಈ ಚಿತ್ರ ಬದಲಾಯಿತು. ವೈದ್ಯರಿಗೂ ಸರಕಾರಕ್ಕೂ ಆದ ಹೊಸ ಒಪ್ಪಂದದಂತೆ, ಸ್ವಾಗತಕಾರಿಣಿ, ಕಾರ್ಯದರ್ಶಿ, ದಾದಿ ಮೊದಲಾದವರಿಗೆ ವೈದ್ಯನು ಕೊಡುವ ಸಂಬಳದಲ್ಲಿ ಶೇಕಡ 70ರಷ್ಟನ್ನು ಸರಕಾರವೇ ತುಂಬಿಕೊಡತೊಡಗಿತು. ಒಬ್ಬಂಟಿ ವೈದ್ಯನಿದ್ದೆಡೆ ಒಂದು ಸಣ್ಣ ಸಂಸಾರವೇ ನೆರೆಯಿತು. ಅಂದಿನಿಂದ ಸುತ್ತೋಲೆಯನ್ನು ಮೊದಲು ಕಾಣುವ ಕಣ್ಣು ವೈದ್ಯನದಲ್ಲ, ಈ ಸಿಬ್ಬಂದಿಯದು.

ಹಳ್ಳಿಯ ವೈದ್ಯನ ಕಡತ

ಮೇಲಿನವರು ಬರೆದು ಕೆಳಗಿನವರು ಓದುವುದಷ್ಟೇ ಸುತ್ತೋಲೆಯ ಧರ್ಮವೆಂದು ತಿಳಿದರೆ ಅರ್ಧ ಸತ್ಯವನ್ನು ಮಾತ್ರ ತಿಳಿದಂತಾಯಿತು. ಮೇಲಿನವರಿಗೆ ಬರೆಯಲು ವಿಷಯ ಸಿಗುವುದೇ ಕೆಳಗಿನಿಂದ.

ಯಾರ್ಕ್‌ಷೈರಿನ ವೆನ್ಸ್ಲಿಡೇಲ್ ಎಂಬ ಕಣಿವೆಯಲ್ಲಿ, ಏಸ್ಗಾರ್ತ್ ಎಂಬ ಹಳ್ಳಿಯಲ್ಲಿ, ವಿಲಿಯಂ ಪಿಕಲ್ಸ್ ಎಂಬ ವೈದ್ಯರಿದ್ದರು. 1929ರಲ್ಲಿ ಆ ಕಣಿವೆಗೆ ಕಾಮಾಲೆಯ ಪಿಡುಗು ಬಂದಿತು. ರೋಗ ಹಿಡಿದಿದ್ದ ಹುಡುಗಿಯೊಬ್ಬಳನ್ನು ಪಿಕಲ್ಸರು ಊರ ಹಬ್ಬದ ದಿನ ಬೆಳಗ್ಗೆ ಹಾಸಿಗೆಯಲ್ಲಿ ನೋಡಿ ಬಂದಿದ್ದರು. ಹಬ್ಬದ ಕೂಟಕ್ಕೆ ಹೋದರೆ ಅದೇ ಹುಡುಗಿ ಅಲ್ಲಿ ಪ್ರತ್ಯಕ್ಷಳಾಗಿದ್ದಳು! ಆ ಕೂಟದಿಂದ ಯಾರು ಯಾರಿಗೆ, ಎಷ್ಟು ದಿನಗಳ ಅನಂತರ ಕಾಮಾಲೆ ತಲೆದೋರಿತೆಂದು ಅವರು ಬೆನ್ನಟ್ಟಿ ನೋಡಿದರು. ರೋಗ ಮೈಸೇರಿದ ದಿನಕ್ಕೂ ಹೊರಗೆ ಕಾಣುವ ದಿನಕ್ಕೂ ಸುಮಾರು ಒಂದು ತಿಂಗಳ ಅಂತರವುಂಟೆಂಬುದು ಹೀಗೆ ನಿಶ್ಚಿತವಾಯಿತು. ಪ್ರಯೋಗಶಾಲೆಯಿಲ್ಲ, ಅನುದಾನವಿಲ್ಲ, ಇದ್ದುದು ಒಂದು ಕಡತ, ಅದರಲ್ಲಿ ದಿನದಿನವೂ ರೋಗಿಗಳ ವಿವರ ತುಂಬಲು ನೆರವಾಗುತ್ತಿದ್ದ ಮಡದಿ. ನಗರದಲ್ಲಿ ಯಾರಿಂದ ಯಾರಿಗೆ ರೋಗ ಹತ್ತಿತೆಂದು ಹೇಳುವುದು ಕಷ್ಟ. ಕಣಿವೆಯ ಹಳ್ಳಿಯಲ್ಲಿ ಯಾರು ಯಾರ ಮನೆಗೆ ಹೋದರೆಂಬುದು ವೈದ್ಯನಿಗೂ ಗೊತ್ತು, ಊರಿಗೂ ಗೊತ್ತು. 1939ರಲ್ಲಿ ಪಿಕಲ್ಸರು ಪ್ರಕಟಿಸಿದ ಗ್ರಂಥ ಸಾಂಕ್ರಾಮಿಕ ರೋಗಗಳ ಅಧ್ಯಯನದಲ್ಲಿ ಹೆಸರುಗೊಂಡಿತು; ಕುಟುಂಬವೈದ್ಯರ ವಿದ್ವತ್ಸಂಸ್ಥೆ ಸ್ಥಾಪನೆಯಾದಾಗ ಈ ಹಳ್ಳಿಯ ವೈದ್ಯರೇ ಅದರ ಮೊದಲ ಅಧ್ಯಕ್ಷರಾದರು.

ಇನ್ನೊಂದು ಪ್ರಸಂಗ ಇದಕ್ಕಿಂತ ಗಂಭೀರವಾದುದು. 1958ರಿಂದ ಬ್ರಿಟನ್ನಿನಲ್ಲಿ ಥ್ಯಾಲಿಡೊಮೈಡ್ ಎಂಬ ನಿದ್ರೆಯ ಔಷಧ ಮಾರಾಟದಲ್ಲಿದ್ದಿತು. ನಿರಪಾಯವಾದುದೆಂದು ಅದರ ಜಾಹೀರಾತು. ಸ್ಕಾಟ್ಲೆಂಡಿನ ಟರಿಫ್ ಎಂಬ ಸಣ್ಣ ಊರಿನ ವೈದ್ಯ ಲೆಸ್ಲಿ ಫ್ಲಾರೆನ್ಸರು ತಮ್ಮ ನಾಲ್ವರು ರೋಗಿಗಳಲ್ಲಿ ಒಂದು ವಿಚಿತ್ರವನ್ನು ಕಂಡರು: ಆ ಔಷಧವನ್ನು ಬಹುಕಾಲ ಸೇವಿಸಿದವರ ಕೈಕಾಲುಗಳು ಜೋಮು ಹಿಡಿಯುತ್ತಿದ್ದವು. ದೋಷ ಈ ಔಷಧದ್ದೇ ಇರಬಹುದೇ ಎಂದು ಕೇಳಿ ಅವರು ವೈದ್ಯರ ಪತ್ರಿಕೆಗೊಂದು ಕಿರುಪತ್ರ ಬರೆದರು. ಅದು 1960ರ ಡಿಸೆಂಬರ್ 31ರ ಸಂಚಿಕೆಯಲ್ಲಿ ಅಚ್ಚಾಯಿತು.

ಅಟ್ಲಾಂಟಿಕ್ ಸಾಗರದ ಆಚೆಗೆ, ಅಮೆರಿಕದ ಔಷಧ ನಿಯಂತ್ರಣ ಕಚೇರಿಯಲ್ಲಿ, ಫ್ರಾನ್ಸಿಸ್ ಕೆಲ್ಸಿ ಎಂಬಾಕೆಯ ಮುಂದೆ ಇದೇ ಔಷಧದ ಅರ್ಜಿ ಬಿದ್ದಿದ್ದಿತು. ಕಂಪೆನಿಯವರು ದುಂಬಾಲು ಬಿದ್ದರೂ ಆಕೆ ಮೊದಲಿನಿಂದಲೂ ಶಂಕಿಸುತ್ತಿದ್ದರು. ಈ ಕಿರುಪತ್ರ ಕಣ್ಣಿಗೆ ಬಿದ್ದುದೇ ತಡ, ಆ ಶಂಕೆ ಗಟ್ಟಿಯಾಯಿತು. ನರಗಳಿಗೆ ಕೆಡುಕು ಮಾಡುವ ವಸ್ತು ಗರ್ಭದ ಶಿಶುವಿಗೆ ಏನು ಮಾಡೀತು ಎಂದು ಕಂಪೆನಿಯನ್ನು ಕೇಳಿದರು. ಉತ್ತರ ಬರುವ ಮೊದಲೇ 1961ರ ಕೊನೆಯಲ್ಲಿ ಸತ್ಯ ಹೊರಬಿದ್ದಿತು: ಬಸುರಿನಲ್ಲಿ ಆ ಔಷಧ ಸೇವಿಸಿದ ತಾಯಂದಿರಿಗೆ ಕೈಕಾಲುಗಳು ಬೆಳೆಯದ ಮಕ್ಕಳು ಹುಟ್ಟುತ್ತಿದ್ದರು. ಜರ್ಮನಿ, ಬ್ರಿಟನ್ ಮೊದಲಾದೆಡೆ ಸಾವಿರಾರು ಮನೆಗಳಲ್ಲಿ ಈ ದುಃಖ ನೆಲೆಸಿತು. ಅಮೆರಿಕದಲ್ಲಿ ಮಾತ್ರ ಔಷಧ ಮಾರಾಟಕ್ಕೆ ಬರಲೇ ಇಲ್ಲ. ಸಣ್ಣ ಊರಿನ ವೈದ್ಯನೊಬ್ಬನ ಪತ್ರಕ್ಕೂ ಅದರಲ್ಲಿ ಪಾಲುಂಟು.

ಬ್ರಿಟನ್ನು ಕಲಿತ ಪಾಠದ ಫಲವೇ ಹಳದಿ ಕಾರ್ಡು. 1964ರ ಮೇ 4ರಂದು ಔಷಧ ಸುರಕ್ಷತಾ ಸಮಿತಿಯ ಅಧ್ಯಕ್ಷ ಸರ್ ಡೆರಿಕ್ ಡನ್‌ಲಪ್ಪರು ದೇಶದ ವೈದ್ಯರೆಲ್ಲರಿಗೂ ಪತ್ರ ಬರೆದು, ಯಾವ ಔಷಧದಿಂದಾದರೂ ಕೇಡಾಯಿತೆಂಬ ಅನುಮಾನ ಬಂದರೆ ಬರೆದು ತಿಳಿಸಬೇಕೆಂದು ಕೋರಿದರು. ಪ್ರಮಾಣ ಬೇಕಿಲ್ಲ, ಅನುಮಾನವಿದ್ದರೆ ಸಾಕು. ಮೊದಲು ವೈದ್ಯರಿಗೆ ಮೀಸಲಾಗಿದ್ದ ಈ ಕಾರ್ಡನ್ನು ಕ್ರಮೇಣ ಔಷಧ ವಿತರಕರಿಗೂ, 2002ರಲ್ಲಿ ದಾದಿಯರಿಗೂ, 2005ರಲ್ಲಿ ಸ್ವತಃ ರೋಗಿಗಳಿಗೂ ತೆರೆಯಲಾಯಿತು.

ಓಲೆಗಿಂತ ಮೊದಲು ಬಂದ ವದಂತಿ

ಕಾಗದ ಬರೆಯುವುದೊಂದು, ಅದು ಸಕಾಲಕ್ಕೆ ತಲಪುವುದು ಮತ್ತೊಂದು. 1995ರ ಅಕ್ಟೋಬರಿನಲ್ಲಿ ನಡೆದುದನ್ನು ನೋಡಬಹುದು.

ಗರ್ಭನಿರೋಧಕ ಮಾತ್ರೆಗಳಲ್ಲಿ ಹೊಸ ಬಗೆಯವು ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಎರಡರಷ್ಟಾಗಿಸುತ್ತವೆ ಎಂದು ಔಷಧ ಸುರಕ್ಷತಾ ಸಮಿತಿಗೆ ವರದಿಗಳು ಬಂದವು. ಸಮಿತಿ ವೈದ್ಯರಿಗೂ ಔಷಧ ವಿತರಕರಿಗೂ ಒಟ್ಟು 1,90,000 ಪತ್ರಗಳನ್ನು ಕಳುಹಿಸಿತು. ಜೊತೆಯಲ್ಲಿಯೇ ಪತ್ರಿಕೆಗಳಿಗೂ ಹೇಳಿಕೆ ಕೊಟ್ಟಿತು. ದೂರದರ್ಶನದ ಸುದ್ದಿಗೆ ರೆಕ್ಕೆಯುಂಟು; ಟಪಾಲಿಗೆ ಇರುವುದು ಕಾಲು. ಎಷ್ಟೋ ಚಿಕಿತ್ಸಾಲಯಗಳಲ್ಲಿ ಪತ್ರ ತಲಪುವ ಮೊದಲೇ ಫೋನುಗಳು ಮೊಳಗಿದವು. ಬೆದರಿದ ಹೆಂಗಸರು ಕೇಳುತ್ತಿದ್ದಾರೆ. ಉತ್ತರಿಸಬೇಕಾದವರ ಕೈಯಲ್ಲಿ ಕಾಗದವಿಲ್ಲ.

‘ಅಪಾಯ ಎರಡರಷ್ಟು’ ಎಂಬ ಮಾತು ಸುಳ್ಳಲ್ಲ. ಆದರೆ ಅದರ ಅರ್ಥವಾದರೂ ಏನು? ಹಳೆಯ ಮಾತ್ರೆ ಸೇವಿಸುವ 7,000 ಮಂದಿಯಲ್ಲಿ ಒಬ್ಬಳಿಗೆ ಈ ತೊಂದರೆ. ಹೊಸದನ್ನು ಸೇವಿಸುವ 7,000 ಮಂದಿಯಲ್ಲಿ ಇಬ್ಬರಿಗೆ. ಬಸುರಾದವಳಿಗೆ ರಕ್ತ ಹೆಪ್ಪುಗಟ್ಟುವ ಅಪಾಯ ಈ ಎರಡಕ್ಕಿಂತಲೂ ಹೆಚ್ಚು. ಮೇಜಿನ ಹಿಂದೆ ಕುಳಿತವಳ ಕೈಯಲ್ಲಿ ಇಷ್ಟು ಬರೆದ ಚೀಟಿಯೊಂದಿದ್ದು, “ವೈದ್ಯರನ್ನು ನೋಡುವವರೆಗೆ ಮಾತ್ರೆ ನಿಲ್ಲಿಸಬೇಡಿ” ಎಂದು ಆ ದಿನವೇ ಆಕೆ ಹೇಳುವಂತಾಗಿದ್ದರೆ! ಅನೇಕರು ಥಟ್ಟನೆ ಮಾತ್ರೆ ಬಿಟ್ಟರು. ಮುಂದಿನ ವರ್ಷ ಇಂಗ್ಲೆಂಡ್ ಮತ್ತು ವೇಲ್ಸುಗಳಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾಗಿ ನಡೆದುವೆಂದು ಅಂದಾಜು. ಒಂದು ಸಂಖ್ಯೆಯನ್ನು ಹೇಳುವ ರೀತಿಯಲ್ಲಿಯೂ ತಲಪಿಸುವ ಹೊತ್ತಿನಲ್ಲಿಯೂ ಆದ ತಪ್ಪಿಗೆ ತೆತ್ತ ಬೆಲೆಯಿದು.

ಸ್ವಾನ್ಸಿಯ ಸಾಲುಗಳು

ದಕ್ಷಿಣ ವೇಲ್ಸಿನ ಕಲ್ಲಿದ್ದಲ ಕಣಿವೆಗಳ ಚಿಕಿತ್ಸಾಲಯಗಳಿಗೂ ನಮ್ಮ ದೇಶಕ್ಕೂ ಒಂದು ನಂಟುಂಟು. ಸ್ಥಳೀಯ ವೈದ್ಯರು ಹೋಗಲೊಲ್ಲದ ಗಣಿಯೂರುಗಳಿಗೆ 1960ರ ದಶಕದಿಂದೀಚೆಗೆ ಭಾರತದ ವೈದ್ಯರು ಹೋಗಿ ನೆಲೆಸಿದರು. 1980ರ ದಶಕದ ಹೊತ್ತಿಗೆ ಬ್ರಿಟನ್ನಿನ ಕುಟುಂಬವೈದ್ಯರಲ್ಲಿ ಸುಮಾರು ಆರರಲ್ಲಿ ಒಬ್ಬರು ದಕ್ಷಿಣ ಏಷ್ಯದಲ್ಲಿ ಹುಟ್ಟಿದವರು. ಕನ್ನಡನಾಡಿನ ವೈದ್ಯಕೀಯ ಕಾಲೇಜುಗಳಲ್ಲಿ ಓದಿ ಹೋದವರೂ ಅವರಲ್ಲಿದ್ದರು. ಗಣಿ ಕೆಲಸಗಾರರ ಕೆಮ್ಮನ್ನು ಆಲಿಸಿದವರು, ಅವರ ಮೊಮ್ಮಕ್ಕಳಿಗೆ ಲಸಿಕೆ ಹಾಕಿಸಿದವರು ಇವರೇ.

ಆ ಕಣಿವೆಗಳ ಬಳಿಯ ಸ್ವಾನ್ಸಿ ನಗರದಲ್ಲಿ ಲಸಿಕೆಯ ವಿಷಯವಾಗಿಯೇ ದೊಡ್ಡ ಪರೀಕ್ಷೆ ಎದುರಾಯಿತು. ದಡಾರ, ಮಂಗನಬಾವು, ರುಬೆಲ್ಲಾ ಈ ಮೂರಕ್ಕೂ ಸೇರಿ ಒಂದೇ ಲಸಿಕೆ ಆಗ ಅಲ್ಲಿ ರೂಢಿಯಲ್ಲಿದ್ದಿತು. 1997ರಲ್ಲಿ ಸ್ಥಳೀಯ ಪತ್ರಿಕೆಯೊಂದು ಆ ಲಸಿಕೆಯ ಬಗ್ಗೆ ಆತಂಕದ ವರದಿಗಳನ್ನು ಸಾಲಾಗಿ ಪ್ರಕಟಿಸಿತು. ಪತ್ರಿಕೆ ಓದುವ ಪ್ರದೇಶದಲ್ಲಿ ಲಸಿಕೆ ಹಾಕಿಸುವವರ ಪ್ರಮಾಣ ಶೇಕಡ 13.6ರಷ್ಟು ಇಳಿಯಿತು, ವೇಲ್ಸಿನ ಉಳಿದೆಡೆ ಇಳಿದುದು ಶೇಕಡ 2.4 ಮಾತ್ರ. 1998ರಲ್ಲಿ ಲಂಡನ್ನಿನ ವೈದ್ಯನೊಬ್ಬನ ಲೇಖನ ಈ ಭೀತಿಗೆ ಶಾಸ್ತ್ರದ ಮುದ್ರೆ ಒತ್ತಿತು. ಆ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ವೈದ್ಯನ ಹೆಸರನ್ನೂ ಅದೇ ವರ್ಷ ವೈದ್ಯರ ಪಟ್ಟಿಯಿಂದ ಹೊಡೆದುಹಾಕಲಾಯಿತು. ಆದರೆ ಲಸಿಕೆಯಿಲ್ಲದೆ ಬೆಳೆದ ಮಕ್ಕಳು ಅಷ್ಟರಲ್ಲಿ ಹದಿಹರೆಯಕ್ಕೆ ಕಾಲಿಟ್ಟಿದ್ದರು.

2012ರ ನವೆಂಬರಿನಲ್ಲಿ ದಡಾರ ಕಾಣಿಸಿಕೊಂಡಿತು. 2013ರ ಜುಲೈ ತಿಂಗಳಲ್ಲಿ ಅದು ಅಡಗುವ ಹೊತ್ತಿಗೆ 1,200ಕ್ಕೂ ಮೀರಿ ಪ್ರಕರಣಗಳು ವರದಿಯಾಗಿದ್ದವು. 88 ಮಂದಿ ಆಸ್ಪತ್ರೆ ಸೇರಿದ್ದರು. 25 ವರ್ಷದ ತರುಣನೊಬ್ಬ ಸತ್ತಿದ್ದನು. ಸುತ್ತೋಲೆಗಳು ಚಿಕಿತ್ಸಾಲಯಗಳಿಗೆ ಒಂದರ ಮೇಲೊಂದು ಬಂದವು. ಯಾರಿಗೆ ಲಸಿಕೆ ಆಗಿಲ್ಲವೆಂಬುದು ಮೇಲಿನ ಕಚೇರಿಗಿಂತ ಚೆನ್ನಾಗಿ ತಿಳಿದಿರುವುದು ಊರಿನ ಚಿಕಿತ್ಸಾಲಯದ ಕಡತಕ್ಕೆ. ಆ ಹೆಸರುಗಳನ್ನು ಹೆಕ್ಕಬೇಕು, ಮನೆಗಳಿಗೆ ಬರೆಯಬೇಕು, ಫೋನು ಮಾಡಬೇಕು, “ಅಂದು ಬೇಡವೆಂದಿರಿ, ಇಂದಾದರೂ ಬನ್ನಿ” ಎಂದು ಮನಸ್ಸು ನೋಯದಂತೆ ಕರೆಯಬೇಕು. ಶನಿವಾರಗಳಂದು ಆಸ್ಪತ್ರೆಗಳ ಮುಂದೆ ತಾಯಿ ತಂದೆಯರು ಮಕ್ಕಳೊಡನೆ ಸಾಲುಗಟ್ಟಿ ನಿಂತರು. ವೇಲ್ಸಿನಲ್ಲಿ ಆ ತಿಂಗಳುಗಳಲ್ಲಿ 70,000ಕ್ಕೂ ಹೆಚ್ಚು ಲಸಿಕೆಗಳನ್ನು ಹಾಕಲಾಯಿತು. ಹದಿನೈದು ವರ್ಷಗಳ ಅವಿಶ್ವಾಸವನ್ನು ತೊಡೆಯುವ ಆ ಕೆಲಸದಲ್ಲಿ ಪರಿಚಿತವಾದ ಒಂದು ದನಿಗೆ ಯಾವ ಆಜ್ಞೆಗಿಂತಲೂ ಬೆಲೆ ಹೆಚ್ಚು.

ಬಿಳಿಯ ಪೆಟ್ಟಿಗೆ

ಸುತ್ತೋಲೆ ಚಿಕಿತ್ಸಾಲಯಕ್ಕೆ ಬಂದು, ರೋಗಿಯನ್ನು ಮಾತ್ರ ಮುಟ್ಟದೆ ಹೋದರೆ? ಈ ಪ್ರಶ್ನೆಗೆ ಉತ್ತರ ವಾಲ್ಪ್ರೊಯೇಟಿನ ಕಥೆಯಲ್ಲಿದೆ.

ಇದು ಮೂರ್ಛೆರೋಗಕ್ಕೆ ಕೊಡುವ ಮಾತ್ರೆ. ಬಹಳ ಮಂದಿಗೆ ಉಪಕಾರ ಮಾಡಿದ ಮಾತ್ರೆ. ಆದರೆ ಬಸುರಿನಲ್ಲಿ ಇದನ್ನು ಸೇವಿಸಿದರೆ ಹತ್ತು ಶಿಶುಗಳಲ್ಲಿ ಸುಮಾರು ಒಂದಕ್ಕೆ ಅಂಗದೋಷ, ಹತ್ತರಲ್ಲಿ ಮೂರು ನಾಲ್ಕಕ್ಕೆ ಮಾತು, ಕಲಿಕೆಗಳ ಬೆಳವಣಿಗೆಯಲ್ಲಿ ಕೊರತೆ ಉಂಟಾಗಬಲ್ಲುದು. ಗರ್ಭಕ್ಕೆ ಅಪಾಯವಿರಬಹುದೆಂಬ ಶಂಕೆ 1970ರ ದಶಕದಲ್ಲಿಯೇ ಇದ್ದಿತು. ವೈದ್ಯರಿಗೆ ತಿಳಿಸಿದರೆ ಸಾಕು, ರೋಗಿಗಳ ಕಣ್ಣಿಗೆ ಬೀಳುವ ಚೀಟಿಯಲ್ಲಿ ಬೇಡ ಎಂದು ಅಂದಿನ ಅಧಿಕಾರಿಗಳು ನಿರ್ಧರಿಸಿದ್ದ ಸಂಗತಿ ಹಳೆಯ ಕಾಗದಗಳಿಂದ ಎಷ್ಟೋ ಕಾಲದ ಮೇಲೆ ಹೊರಬಿದ್ದಿತು. ಹೆಂಗಸರು ಗಾಬರಿಯಾದಾರೆಂಬ ಅನುಕಂಪವೇ ಅವರಿಗೆ ಮುಳುವಾಯಿತು.

ಮುಂದೆ ಎಚ್ಚರಿಕೆಗಳು ಬಲವಾದವು. ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದರು. ಒಳಗೆ ವಿವರದ ಹಾಳೆಯಿಟ್ಟರು. ಮಗುವನ್ನು ಹೆರುವ ವಯಸ್ಸಿನವರಿಗೆ ವಿಶೇಷ ಏರ್ಪಾಡಿಲ್ಲದೆ ಇದನ್ನು ಕೊಡಕೂಡದೆಂದು 2018ರಲ್ಲಿ ಕಟ್ಟಳೆಯಾಯಿತು. ಆದರೂ ಔಷಧದಂಗಡಿಯಲ್ಲಿ ದೊಡ್ಡ ಪೆಟ್ಟಿಗೆ ಒಡೆದು, ಬರೆದಷ್ಟು ಮಾತ್ರೆಗಳನ್ನು ಎಣಿಸಿ, ಬರಿಯ ಬಿಳಿಯ ಪೆಟ್ಟಿಗೆಯಲ್ಲಿ ಹಾಕಿಕೊಡುವ ರೂಢಿ ನಿಲ್ಲಲಿಲ್ಲ. ಎಚ್ಚರಿಕೆ ಅಂಗಡಿಯಲ್ಲಿಯೇ ಉಳಿಯಿತು; ಮಾತ್ರೆ ಮನೆಗೆ ಹೋಯಿತು! 2020ರಲ್ಲಿ ಬ್ಯಾರನೆಸ್ ಕಂಬರ್ಲೆಜ್ ಅವರ ವಿಚಾರಣಾ ವರದಿ, ತಮಗೆ ಯಾರೂ ಹೇಳಲಿಲ್ಲವೆಂಬ ತಾಯಂದಿರ ದೂರನ್ನು ಎತ್ತಿಹಿಡಿಯಿತು. 2023ರ ಅಕ್ಟೋಬರಿನಿಂದ ಈ ಔಷಧವನ್ನು ತಯಾರಕರ ಮೂಲ ಪೆಟ್ಟಿಗೆಯಲ್ಲಿಯೇ ಕೊಡಬೇಕೆಂದು ಕಾನೂನಾಯಿತು. ಒಂದು ಎಚ್ಚರಿಕೆ ಅಧಿಕಾರಿಯ ಮೇಜಿನಿಂದ ರೋಗಿಯ ಕೈಗೆ ಬರಲು ಸುಮಾರು ಐವತ್ತು ವರ್ಷ ಹಿಡಿದಂತಾಯಿತು.

ಕೊನೆಯ ಮೆಟ್ಟಿಲು

ಈಗ ಕಾಗದದ ಕಾಲ ಮುಗಿದಿದೆ. ಸುತ್ತೋಲೆ ನಿಮಿಷದಲ್ಲಿ ಬರುತ್ತದೆ. ಬಂದಷ್ಟೇ ಬೇಗ ನೂರರ ರಾಶಿಯಲ್ಲಿ ಮುಳುಗಿಯೂ ಹೋಗುತ್ತದೆ. ಹಿಂದೆ ಕಷ್ಟವಿದ್ದುದು ತಲಪಿಸುವುದರಲ್ಲಿ. ಇಂದು ಕಷ್ಟವಿರುವುದು ಹೆಕ್ಕುವುದರಲ್ಲಿ. ಆದುದರಿಂದ ಚೆನ್ನಾಗಿ ನಡೆಯುವ ಚಿಕಿತ್ಸಾಲಯಗಳಲ್ಲಿ ಒಬ್ಬರು ಮೊದಲು ಎಲ್ಲವನ್ನೂ ಓದಿ, ಇದು ವೈದ್ಯರಿಗೆ, ಇದು ದಾದಿಗೆ, ಇದು ಫೋನಿನ ಬಳಿ ಕುಳಿತವರಿಗೆ ಎಂದು ವಿಂಗಡಿಸುತ್ತಾರೆ. ಮುಖ್ಯವಾದುದನ್ನು ಬೆಳಗಿನ ಐದು ನಿಮಿಷದ ಕೂಟದಲ್ಲಿ ಬಾಯಿಬಿಟ್ಟು ಹೇಳುತ್ತಾರೆ. ಹೊರನೋಟಕ್ಕೆ ಗುಮಾಸ್ತಿಕೆ, ಫಲ ನೋಡಿದರೆ ವೈದ್ಯಕ್ಕಿಂತ ಕಡಮೆಯದಲ್ಲ.

ಸೋಮವಾರದ ಆ ಬೆಳಗಿಗೆ ಹಿಂತಿರುಗಿದರೆ, ಗಂಧೆಯ ಮಗುವಿನ ತಾಯಿ ಇನ್ನೂ ಫೋನಿನಲ್ಲಿ ಕಾಯುತ್ತಿದ್ದಾಳೆ. ಒಳಗಿನ ಬೆಂಚಿನ ಮೇಲೆ ಹಸುಗೂಸನ್ನು ಎತ್ತಿಕೊಂಡ ಇನ್ನೊಬ್ಬ ತಾಯಿ ತನ್ನ ಸರದಿ ನೋಡುತ್ತಿದ್ದಾಳೆ. ಇಬ್ಬರಿಗೂ ಒಬ್ಬರ ಸುಳಿವು ಒಬ್ಬರಿಗಿಲ್ಲ. ಇಬ್ಬರ ನಡುವೆ ಇರುವುದು ಸುತ್ತೋಲೆಯ ಒಂದು ಸಾಲು. ಅದನ್ನು ಓದಿ ನೆನಪಿಟ್ಟುಕೊಂಡ ಒಬ್ಬ ಹೆಂಗಸು. “ತಾಯಿ, ಬಂದ ಮೇಲೆ ಹೊರಗೇ ನಿಲ್ಲಿ; ನಾನೇ ಬಂದು ಪಕ್ಕದ ಬಾಗಿಲಿನಿಂದ ಕರೆದುಕೊಳ್ಳುತ್ತೇನೆ” ಎನ್ನುತ್ತಾಳೆ ಅವಳು. ಹಸುಗೂಸಿನ ತಾಯಿಗೆ ತನ್ನ ಮಗುವಿಗೆ ತಪ್ಪಿದ್ದೇನೆಂಬುದು ಎಂದಿಗೂ ತಿಳಿಯದು. ತಿಳಿಯಬೇಕಾದ ಅಗತ್ಯವೂ ಬರುವುದಿಲ್ಲ.